ಹತ್ತು ಕರವಸ್ತ್ರ, ಎರಡು ಚೀಲ: ಟಿಶ್ಯೂ ಬಿಟ್ಟ ನನ್ನ ಅನುಭವ

ನಮ್ಮ ಮನೆಗೆ ಟಿಶ್ಯೂ ಪೊಟ್ಟಣ ಬರುವುದು ನಿಂತು ಮೂರು ವರ್ಷದ ಮೇಲಾಯಿತು. ನಾನು ಮಂಡ್ಯದಲ್ಲಿ ಹದಿನೆಂಟು ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ದಿನವಿಡೀ ಬಟ್ಟೆ ಕತ್ತರಿಸುವವರ ಮೂಗಿಗೆ ಹತ್ತಿಯ ದೂಳು ಏನು ಮಾಡುತ್ತದೆಂದು ಹೊಲಿಗೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನಗೂ ನನ್ನ ಮಗನಿಗೂ ಬೆಳಗಿನ ಸೀನಿನ ಬಾಧೆಯಿದೆ. ರಾಗಿ ಒಕ್ಕುವ ಕಾಲದಲ್ಲಿ ಕಣದ ದೂಳೂ ಸೇರಿಕೊಂಡರೆ ಒಂದೊಂದು ದಿನ ಮೂವತ್ತು ನಲವತ್ತು ಸಲ ಸೀನುತ್ತೇವೆ. ಕರವಸ್ತ್ರಕ್ಕೆ ಮರಳುತ್ತೇನೆಂದು ನಾನು ಹೇಳಿದಾಗ ನಮ್ಮ ಯಜಮಾನರು, ಪಕ್ಕದ ಅಂಗಡಿಯ ಅಕ್ಕ, ಮಗನ ಶಾಲೆಯ ತಾಯಂದಿರು ಎಲ್ಲರೂ ಒಂದೇ ಮಾತು ಹೇಳಿದರು: “ಸಿಂಬಳದ ಬಟ್ಟೆನ ಜೇಬಲ್ಲಿ ಮಡಿಕೊಂಡು ತಿರುಗ್ತೀಯೇನವ್ವ?”

ಆ ಮಾತು ಹಳೆಯದು. ಕ್ಲೀನೆಕ್ಸ್ ಎಂಬ ಟಿಶ್ಯೂ ಕಾಗದ 1924ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು ಮುಖಕ್ಕೆ ಹಚ್ಚಿದ ಕೋಲ್ಡ್ ಕ್ರೀಮನ್ನು ಒರೆಸಿಕೊಳ್ಳಲೆಂದು. 1930ರ ಹೊತ್ತಿಗೆ ಅದನ್ನೇ ಮೂಗಿಗೆಂದು ಮಾರಲು ಹೊರಟ ಕಂಪನಿಯು, ನೆಗಡಿಯನ್ನು ಜೇಬಿನಲ್ಲಿ ಹೊತ್ತು ತಿರುಗಬೇಡಿ ಎಂದು ಜಾಹೀರಾತು ಕೊಟ್ಟಿತು. ಆ ಜಾಹೀರಾತಿನಲ್ಲಿ ಸತ್ಯಾಂಶವಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ತಪ್ಪು ಬಟ್ಟೆಯದಲ್ಲ, ಒಂದೇ ಕರವಸ್ತ್ರವನ್ನು ಬೆಳಗಿನಿಂದ ಸಂಜೆಯವರೆಗೆ ಒಂದೇ ಜೇಬಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸದ್ದು. ಇದು ನನಗೆ ಅರ್ಥವಾಗುವಷ್ಟರಲ್ಲಿ ಒಂದೂವರೆ ವರ್ಷವೂ ಸಾಕಷ್ಟು ಹಣವೂ ಕಳೆದುಹೋಗಿದ್ದವು.

ಮೊದಲು ಟಿಶ್ಯೂವಿನ ಲೆಕ್ಕ. ಹತ್ತು ರೂಪಾಯಿಯ ಸಣ್ಣ ಪೊಟ್ಟಣ ಮಗನ ಬ್ಯಾಗಿಗೆ ದಿನಕ್ಕೊಂದು ಬೇಕಾಗುತ್ತಿತ್ತು. ಅಂಗಡಿಯ ಮೇಜಿನ ಮೇಲಿನ ಡಬ್ಬಿ ವಾರಕ್ಕೊಂದು ಖಾಲಿಯಾಗುತ್ತಿತ್ತು. ಮಳೆಗಾಲದಿಂದ ಸಂಕ್ರಾಂತಿಯವರೆಗೆ ತಿಂಗಳಿಗೆ 450 ರೂಪಾಯಿಗೆ ಕಡಿಮೆಯಾದದ್ದು ನೆನಪಿಲ್ಲ. ವರ್ಷಕ್ಕೆ 3,500ರ ಆಸುಪಾಸು. ಇಷ್ಟಾದರೂ ಒದ್ದೆಯಾದ ಕಾಗದ ಬೆರಳಿಗೆ ಹರಿದು ಬರುತ್ತಿತ್ತು, ಮಗನ ಸಮವಸ್ತ್ರದ ಜೇಬಿನಲ್ಲಿ ಉಳಿದದ್ದು ವಾಷಿಂಗ್ ಮೆಷೀನಿನಲ್ಲಿ ಪುಡಿಯಾಗಿ ಎಲ್ಲ ಬಟ್ಟೆಗೂ ಮೆತ್ತಿಕೊಳ್ಳುತ್ತಿತ್ತು.

ಮೊದಲ ಪ್ರಯತ್ನವಾಗಿ ಸಿದ್ಧ ಕರವಸ್ತ್ರಗಳ ಒಂದು ಡಜನ್ ತಂದೆ. ನೋಡಲು ಅಂದವಾಗಿದ್ದವು, ಆದರೆ ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ ಟೆರಿಕಾಟ್ ಬಟ್ಟೆಯಾದ್ದರಿಂದ ನೀರನ್ನು ಹೀರದೆ ಮುಖಕ್ಕೆಲ್ಲ ಬಳಿಯುತ್ತಿದ್ದವು. ಅವನ್ನು ಮೆಷೀನ್ ಒರೆಸಲು ಇಟ್ಟುಕೊಂಡು, ನಾನೇ ಹೊಲಿಯಲು ನಿರ್ಧರಿಸಿ ಕೇಂಬ್ರಿಕ್ ಎಂಬ ತೆಳು ಹತ್ತಿ ಬಟ್ಟೆ ತಂದೆ. ಹೊಸ ಕೇಂಬ್ರಿಕ್ಕಿನ ಗಂಜಿಯನ್ನು ತೆಗೆಯದೆ ಹೊಲಿದದ್ದು ನನ್ನ ತಪ್ಪು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಬೇಗ ಮುಗಿಯಲೆಂದು ಪಾಲಿಯೆಸ್ಟರ್ ದಾರದಲ್ಲಿ ಪೀಕೋ ಮಾಡಿಸಿದ್ದು. ಪೀಕೋ ಅಂಚು ಸೀರೆಯ ಸೆರಗಿಗೆ ಚೆನ್ನ. ದಿನಕ್ಕೆ ಮೂವತ್ತು ಸಲ ಉಜ್ಜುವ ಮೂಗಿಗೆ ಅದು ಗರಗಸ. ನಾಲ್ಕೇ ದಿನಕ್ಕೆ ಮಗನ ಮೂಗಿನ ಕೆಳಗೆ ಚರ್ಮ ಕಿತ್ತು ಕೆಂಪಾಯಿತು, ಮನೆಯಲ್ಲಿ ನನಗೆ ಬೈಗುಳವೂ ಸಿಕ್ಕಿತು. ಮೂವತ್ತಾರು ಕರವಸ್ತ್ರಗಳ ಅಂಚನ್ನು ಬಿಚ್ಚಿ, 11ನೇ ನಂಬರಿನ ಸೂಜಿ ಹಾಕಿ, ಹತ್ತಿಯ ದಾರದಲ್ಲಿ ಎರಡು ಮಡಿಕೆಯ ಸಣ್ಣ ಅಂಚು ಹೊಲಿದೆ. ಮೂಲೆಗಳಲ್ಲಿ ಬಟ್ಟೆ ಒಂಬತ್ತು ಪದರವಾಗಿ ಗಂಟಿನಂತೆ ಚುಚ್ಚುತ್ತಿತ್ತು. ಅದನ್ನು ಚಪ್ಪಟೆಯಾಗಿ ಕೂರಿಸುವ ಒಂದು ಮಡಿಕೆಯನ್ನು ಕೊನೆಗೂ ಕಂಡುಕೊಂಡೆ. ಅದು ನನ್ನ ಅಂಗಡಿಯ ಅನ್ನವಾದ್ದರಿಂದ ಇಲ್ಲಿ ವಿವರಿಸುವುದಿಲ್ಲ.

ಸರಿಯಾದ ಬಟ್ಟೆ ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು. ತೀರಿಹೋದ ಮಾವನವರ ಹಳೆಯ ಬಿಳಿ ಪಂಚೆಗಳನ್ನು ಅತ್ತೆಯವರು ಮಡಿಚಿ ಇಟ್ಟಿದ್ದರು. ಕೇಳಲು ಸಂಕೋಚವಾಗಿತ್ತು, ಆದರೆ ಅವರೇ ಒಂದನ್ನು ತೆಗೆದು, “ಕಟ್ ಮಾಡವ್ವ, ಹುಡುಗನ ಮೂಗಿಗಿಂತ ಹೆಚ್ಚಾ?” ಎಂದು ಮೆಷೀನಿನ ಮೇಲಿಟ್ಟರು. ಇಪ್ಪತ್ತು ವರ್ಷ ಒಗೆಸಿಕೊಂಡ ಆ ಹತ್ತಿ ಬಟ್ಟೆಯ ಮೆದುತನ ಯಾವ ಹೊಸ ಬಟ್ಟೆಗೂ ಬರುವುದಿಲ್ಲ. ಸುಮಾರು 78 ಅಂಗುಲ ಉದ್ದ, 50 ಅಂಗುಲ ಅಗಲದ ಪಂಚೆಯಲ್ಲಿ ಹನ್ನೆರಡೂವರೆ ಅಂಗುಲದ ಚೌಕಗಳು ಲೆಕ್ಕಕ್ಕೆ ಇಪ್ಪತ್ನಾಲ್ಕು ಬರಬೇಕು. ಆದರೆ ಕೂತು ಕೂತು ಸವೆದ ನಡುಭಾಗವನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒತ್ತಿ ನೋಡಿ, ಜೊಳ್ಳಾದದ್ದನ್ನು ಬಿಟ್ಟರೆ ಹದಿನೈದು ಹದಿನಾರು ಸಿಗುತ್ತವೆ. ಹೊಲಿದ ಮೇಲೆ ಹನ್ನೆರಡು ಅಂಗುಲ ನಿಲ್ಲುತ್ತದೆ. ಮೂಗಿಗೆ ಅಷ್ಟು ಸಾಕು, ಬೆವರಿಗೆ ಹದಿನಾರು ಅಂಗುಲ ಬೇಕು.

ಬಟ್ಟೆ ಸರಿಯಾದ ಮೇಲೂ ಉಪಾಯ ಫಲಿಸಲಿಲ್ಲ, ಏಕೆಂದರೆ ನಾವು ದಿನಕ್ಕೆ ಒಂದನ್ನೇ ಒಯ್ಯುತ್ತಿದ್ದೆವು. ಹನ್ನೊಂದು ಗಂಟೆಯ ಹೊತ್ತಿಗೆ ಅದು ಒದ್ದೆಯಾಗುತ್ತಿತ್ತು, ಆಮೇಲೆ ಅದನ್ನು ಮುಟ್ಟಲು ನನಗೇ ಮನಸ್ಸಾಗುತ್ತಿರಲಿಲ್ಲ. ಆಗ ತಲೆಗೆ ಹತ್ತು ಕರವಸ್ತ್ರದಂತೆ ಎಣಿಸಿ, ಅಂಗೈಯಗಲದ ಎರಡು ಚೀಲ ಹೊಲಿದೆ. ಬಿಳಿ ಚೀಲದಲ್ಲಿ ಮಡಿಯಾದವು, ಒಳಗೆ ರೇನ್‌ಕೋಟ್ ಬಟ್ಟೆ ಕೊಟ್ಟ ನೀಲಿ ಜಿಪ್ ಚೀಲದಲ್ಲಿ ಬಳಸಿದವು. ಮಗ ಶಾಲೆಗೆ ನಾಲ್ಕು ಒಯ್ಯುತ್ತಾನೆ, ನಾನು ಮೆಷೀನಿನ ಪಕ್ಕ ಆರು ಇಟ್ಟುಕೊಳ್ಳುತ್ತೇನೆ. ನಾಲ್ಕು ಮಡಿಕೆಯ ಕರವಸ್ತ್ರವನ್ನು ಮಗುಚುತ್ತ ನಾಲ್ಕು ಸಲ ಬಳಸಿದರೆ ಅದರ ಪಾಳಿ ಮುಗಿಯಿತು, ನೀಲಿ ಚೀಲಕ್ಕೆ ಹೋಗುತ್ತದೆ, ಆ ದಿನ ಮತ್ತೆ ಹೊರಗೆ ಬರುವುದಿಲ್ಲ. ಮೂಗು ಒರೆಸಿದ ಮೇಲೆ ಕೈ ತೊಳೆಯುವುದು ಕಾಗದಕ್ಕೂ ಬಟ್ಟೆಗೂ ಒಂದೇ.

ಒಗೆಯುವುದರಲ್ಲಿ ನಾನು ತಿಂದ ಪೆಟ್ಟು ಎಲ್ಲಕ್ಕಿಂತ ಹೆಚ್ಚು. ಕುದಿನೀರೇ ಶುದ್ಧವೆಂದು ಭಾವಿಸಿ ನೇರವಾಗಿ ಹಂಡೆಗೆ ಹಾಕಿದೆ. ಸಿಂಬಳ ಬೆಂದು ಬಟ್ಟೆಗೆ ಅಂಟಿ ಹಳದಿ ಕಲೆಯಾಗಿ ನಿಂತಿತು, ಒಂದು ಪಂಚೆಯ ಅರ್ಧ ಕರವಸ್ತ್ರಗಳು ಹಾಗೆ ಹಾಳಾದವು. ಈಗ ರಾತ್ರಿ ತಣ್ಣೀರಿನ ಬಕೆಟ್ಟಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ನೆನೆಸುತ್ತೇನೆ, ಬೆಳಿಗ್ಗೆ ಅಲುಗಿಸಿದರೆ ಲೋಳೆಯೆಲ್ಲ ಜಾರಿ ಹೋಗುತ್ತದೆ, ಆ ನೀರು ಚೆಲ್ಲಿದ ಮೇಲೆಯೇ ಬಿಸಿನೀರು, ವಾಷಿಂಗ್ ಸೋಡಾ, ಸೋಪು, ಬಿಸಿಲು. ನಮ್ಮ ಬೋರ್ ನೀರು ಗಡಸು. ಅದರಲ್ಲಿ ಜಾಲಿಸಿದರೆ ಬಟ್ಟೆ ಹಪ್ಪಳದಂತೆ ಒಣಗುತ್ತದೆ. ಆದ್ದರಿಂದ ಕೊನೆಯ ನೀರು ನಲ್ಲಿಯ ಕಾವೇರಿ ನೀರೇ ಆಗಬೇಕು. ಆ ಕೊನೆಯ ನೀರಿಗೆ ನಾನು ಸೇರಿಸುವ ಒಂದು ಚಮಚದ ವಸ್ತು ಅಡುಗೆಮನೆಯದು, ಅಷ್ಟು ಹೇಳಿದರೆ ಸಾಕು. ಬಟ್ಟೆ ಮೆದುವಾಗಲೆಂದು ಅಂಗಡಿಯ ಸುವಾಸನೆಯ ದ್ರವವನ್ನು ಮಾತ್ರ ಹಾಕಬಾರದು. ಅದು ಎಳೆಗೆ ಎಣ್ಣೆಯಂತೆ ಮೆತ್ತಿಕೊಂಡು ಹೀರುವ ಗುಣವನ್ನೇ ಕೊಲ್ಲುತ್ತದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅನ್ನದ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಮಡಿಕೆ ಚೆಂದ, ಆದರೆ ಮೊದಲ ಸೀನಿಗೆ ಏನನ್ನೂ ಹೀರದು. ಬೇವಿನ ಸೊಪ್ಪು ಕುದಿಸಿದ ನೀರಿನಿಂದ ಬಿಳಿ ಬಟ್ಟೆ ಹಸಿರಾದದ್ದಷ್ಟೇ ಲಾಭ. 1927ರಲ್ಲಿ ಗಾಂಧೀಜಿ ಭೇಟಿಯಿತ್ತ ಖಾದಿಯ ಊರು ಬದನವಾಳಿನ ಕಡೆಗೆ ಹೋದಾಗ ಎರಡು ಮೀಟರ್ ಖಾದಿ ತಂದು ಹೊಲಿದೆ. ಮೊದಲ ಹತ್ತು ಒಗೆತ ಅದು ಒರಟಾಗಿಯೇ ಇತ್ತು, ಇಪ್ಪತ್ತರ ನಂತರ ಪಂಚೆಗೆ ಸರಿಸಮವಾಯಿತು; ತಾಳ್ಮೆಯಿರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಹಳೆಯ ಬನಿಯನ್ ಬಟ್ಟೆಯನ್ನು ಅಂಗೈಯಷ್ಟು ತುಂಡು ಮಾಡಿ ಒಂದು ಡಬ್ಬಿಯಲ್ಲಿಟ್ಟಿದ್ದೇನೆ. ಜ್ವರ, ಕೆಮ್ಮು ಬಂದ ದಿನಗಳಲ್ಲಿ ನಾನು ಕರವಸ್ತ್ರದ ಹಟ ಹಿಡಿಯುವುದಿಲ್ಲ. ಆ ತುಂಡನ್ನು ಒಮ್ಮೆ ಬಳಸಿ ಮುಚ್ಚಳದ ಬುಟ್ಟಿಗೆ ಹಾಕುತ್ತೇವೆ.

ಕಳೆದುಕೊಳ್ಳುವುದೂ ಒಂದು ಖರ್ಚೇ. ಮೈಸೂರು ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವ ಚಾಳಿ ನಮ್ಮ ಯಜಮಾನರಿಗಿದೆ, ಒಂದೇ ತಿಂಗಳಲ್ಲಿ ಐದಾರು ಹಾಗೆ ಹೋದವು. ಈಗ ಅವರಿಗೆ ಆ ಕೆಲಸಕ್ಕೆಂದೇ ಒಂದು ಹಳೆಯ ಟೆರಿಕಾಟ್ ಕರ್ಚೀಫ್ ಕೊಟ್ಟಿದ್ದೇನೆ. ಉಳಿದವುಗಳ ಮೂಲೆಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರದ ಗುರುತಿದೆ.

ಪಂಚೆಯವು ಮನೆಗೆ ಮಾತ್ರ. ಮಾರಲು 36 ಅಂಗುಲ ಪನ್ನದ (ಅಗಲದ) ಮಲ್ ಎಂಬ ತೆಳು ಹತ್ತಿ ಬಟ್ಟೆಯನ್ನು ಮೊದಲು ನೆನೆಸಿ, ಕುಗ್ಗಿಸಿ, ಒಣಗಿಸಿ ಕತ್ತರಿಸುತ್ತೇನೆ. ಮೀಟರಿಗೆ ಒಂಬತ್ತು, ಹನ್ನೊಂದು ಅಂಗುಲದವು. ದಾರ, ಕರೆಂಟು ಸೇರಿ ಒಂದಕ್ಕೆ ಹತ್ತು ರೂಪಾಯಿ ಬೀಳುತ್ತದೆ, ಇಪ್ಪತ್ತಕ್ಕೆ ಕೊಡುತ್ತೇನೆ. ಕಳೆದ ವರ್ಷ 600ರಷ್ಟು ಹೋದವು, ಆರು ಸಾವಿರ ಉಳಿಯಿತು. ನನಗೆ ಗೊತ್ತಿರುವಂತೆ ನಮ್ಮ ಬೀದಿಯಲ್ಲಿ ಚೂರು ಬಟ್ಟೆಯಿಂದ ಇಷ್ಟು ದುಡಿದವರು ಬೇರೆಯಿಲ್ಲ. ಕರವಸ್ತ್ರ ಉಡುಗೊರೆ ಕೊಟ್ಟರೆ ಸ್ನೇಹ ಕೆಡುತ್ತದೆಂದು ನಂಬುವವರಿದ್ದಾರೆ; ಅವರಿಗೆ ಕೊಡುವಾಗ ಒಂದು ರೂಪಾಯಿ ನಾಣ್ಯ ಈಸಿಕೊಂಡು ಮಾರಾಟವೆಂದೇ ಮಾಡುತ್ತೇನೆ.

ಹೋದ ವಾರ ಪಕ್ಕದ ಅಂಗಡಿಯ ಅಕ್ಕ ಬಂದು ಮೊಮ್ಮಗಳಿಗೆಂದು ಹತ್ತು ಕೇಳಿದರು. ಚೀಲ ಒಂದು ಸಾಕೆಂದರು. ಎರಡೂ ಇಲ್ಲದಿದ್ದರೆ ಕೊಡುವುದಿಲ್ಲವೆಂದು ಹೇಳಿ, ನೀಲಿ ಚೀಲಕ್ಕೆ ಜಿಪ್ ಹಾಕಲು ಕುಳಿತೆ.