ತಪ್ಪು ಗೋಡೆಗೆ ಕನ್ನ ಹಾಕಿದ ನಾಟಕ

‘ಅವೆಂಜರ್ಸ್: ಎಂಡ್‌ಗೇಮ್’ ನೋಡದ ಹುಡುಗರು ಕಲಬುರಗಿಯಲ್ಲಿ ಸಿಗುವುದು ಕಷ್ಟ. ಅದನ್ನು ನಿರ್ದೇಶಿಸಿದ ಆಂಟನಿ ಮತ್ತು ಜೋ ರುಸ್ಸೋ ಸಹೋದರರು 2002ರಲ್ಲಿ ‘ವೆಲ್‌ಕಮ್ ಟು ಕಾಲಿನ್‌ವುಡ್’ ಎಂಬ ಸಣ್ಣ ಹಾಸ್ಯಚಿತ್ರ ಮಾಡಿದ್ದರು ಎಂದರೆ ಮಾತ್ರ ಅದೇ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಜಾರ್ಜ್ ಕ್ಲೂನಿ, ವಿಲಿಯಂ ಮೇಸಿ, ಸ್ಯಾಮ್ ರಾಕ್‌ವೆಲ್ ಅಂಥವರಿದ್ದೂ ಅದು ಬಂದದ್ದು ಹೋದದ್ದು ಹೆಚ್ಚಿನವರಿಗೆ ತಿಳಿಯಲೇ ಇಲ್ಲ. ಒಂದೂವರೆ ಗಂಟೆಯೂ ಹಿಡಿಯದ ಚಿತ್ರ. ಕ್ಲೀವ್‌ಲ್ಯಾಂಡಿನ ಬಡ ಬಡಾವಣೆಯೊಂದರ ಕೈಲಾಗದ ಮಂದಿ ಗೋಡೆ ಒಡೆದು ತಿಜೋರಿ ದೋಚಲು ಹೊರಟು ಬರಿಗೈಯಲ್ಲಿ ವಾಪಸಾಗುತ್ತಾರೆ, ಅಷ್ಟೇ.

ಇದಕ್ಕೊಂದು ತಾಯಿಬೇರಿದೆ. ಇಟಲಿಯ ಮಾರಿಯೋ ಮೊನಿಚೆಲ್ಲಿ 1958ರಲ್ಲಿ ಮಾಡಿದ ‘ಇ ಸೊಲಿತಿ ಇನ್ಯೋತಿ’. ಅದು ಆಸ್ಕರ್ ನಾಮನಿರ್ದೇಶನದವರೆಗೆ ಹೋದ ಚಿತ್ರ. ಅಲ್ಲಿ ಜಾಕ್ ತಾತಿಯ ‘ಮೊನ್ ಓಂಕ್ಲ್’ ಎದುರು ಸೋತಿತು. ನಮ್ಮ ಹವ್ಯಾಸಿ ತಂಡಕ್ಕೆ ಕಳ್ಳರ ನಾಟಕವೊಂದನ್ನು ಬರೆಯಲು ಕುಳಿತಾಗ ನಾನು ಇವೆರಡನ್ನೂ ಪಠ್ಯಪುಸ್ತಕದಂತೆ ಮತ್ತೆ ಮತ್ತೆ ನೋಡಿದೆ. ದೃಶ್ಯಗಳನ್ನು ಎತ್ತಿಕೊಳ್ಳುವ ಉದ್ದೇಶ ಇರಲಿಲ್ಲ. ಸೋಲುವವರನ್ನು ನೋಡಿ ಜನ ನಗುವುದು ಯಾಕೆ, ಅದೇ ಹೊತ್ತಿಗೆ ಅವರ ಪರ ನಿಲ್ಲುವುದು ಯಾಕೆ ಎಂಬುದು ನನಗೆ ಬೇಕಿತ್ತು. ನೋಡುತ್ತ ಹೋದಂತೆ ಒಂದು ವಿಷಯ ಖಚಿತವಾಯಿತು. ಆ ಕಳ್ಳರಲ್ಲಿ ಒಬ್ಬನೂ ತಮಾಷೆ ಮಾಡುವುದಿಲ್ಲ. ಎಲ್ಲರೂ ದುಡಿಮೆಗೆ ಇಳಿದವರಷ್ಟೇ ಶ್ರದ್ಧೆಯಿಂದ ಕಳ್ಳತನಕ್ಕೆ ಇಳಿದಿರುತ್ತಾರೆ.

ಹಾಗಾಗಿ ಪಾತ್ರ ಹಂಚುವಾಗ ಊರಿನಲ್ಲಿ ನಗಿಸುವವರೆಂದು ಹೆಸರಾದವರನ್ನು ಮೊದಲು ಕೈಬಿಟ್ಟೆ. ಮುಖ್ಯ ಪಾತ್ರಕ್ಕೆ ಮೊನಿಚೆಲ್ಲಿ ಮಾಡಿದ್ದೂ ಅದನ್ನೇ. ವಿತ್ತೋರಿಯೋ ಗಾಸ್‌ಮನ್ ಅಲ್ಲಿಯವರೆಗೆ ರಂಗಭೂಮಿಯ ಗಂಭೀರ ನಟ. ಅವನ ಹಣೆ, ಮೂಗು ಬದಲಿಸಿ, ಮಾತಿಗೆ ತೊದಲು ಕೊಟ್ಟು, ಸೋತ ಬಾಕ್ಸರನನ್ನಾಗಿ ಮಾಡಿದರು. ನಮ್ಮಲ್ಲಿ ಬಾಕ್ಸರ್ ಎಲ್ಲಿಂದ ಬರಬೇಕು? ಪೈಲವಾನ ಬಂದ. ಜಾತ್ರೆಯ ಕಂಪನಿ ನಾಟಕಗಳಲ್ಲಿ ರಾಜ, ಋಷಿ, ಸೈನ್ಯಾಧಿಪತಿಯಾಗಿ ಗುಡುಗುತ್ತ ಬಂದ ಹಿರಿಯರೊಬ್ಬರಿಗೆ ಆ ಪಾತ್ರ ಕೊಟ್ಟೆ. “ಕಾಕಾ, ನೀವು ನಗಿಸಲು ಹೋಗಬೇಡಿ, ಈ ತಿಜೋರಿಯೇ ನಿಮ್ಮ ಕುರುಕ್ಷೇತ್ರ ಎಂದುಕೊಳ್ಳಿ” ಎಂದೆ. ಅವರು ಹಾರೆ ಎತ್ತಿದ ಭಂಗಿಗೇ ತಾಲೀಮಿನಲ್ಲಿದ್ದ ಹುಡುಗರು ಹೊಟ್ಟೆ ಹಿಡಿದುಕೊಂಡರು. ಕಾಕಾ ಸಿಟ್ಟಾದರು. ಆ ಸಿಟ್ಟನ್ನು ಹಾಗೇ ಉಳಿಸಿಕೊಂಡೆವು.

ಉಳಿದವರಿಗೆ ಬೇಕಾದದ್ದು ಒಂದೊಂದು ಸಣ್ಣ ಮೊತ್ತದ ಅಗತ್ಯ. ಇಟಲಿಯ ಚಿತ್ರದಲ್ಲಿ ಮಾರ್ಚೆಲ್ಲೋ ಮಾಸ್ತ್ರೊಯಾನಿ ಫೋಟೋಗ್ರಾಫರ್. ಹೆಂಡತಿ ಸಿಗರೇಟು ಕಳ್ಳಸಾಗಣೆಗಾಗಿ ಜೈಲಿನಲ್ಲಿದ್ದಾಳೆ, ಕೈಯಲ್ಲಿ ಹಾಲು ಕುಡಿಯುವ ಮಗು. ನಮ್ಮ ಫೋಟೋಗ್ರಾಫರನಿಗೆ ಧನುರ್ಮಾಸವೇ ಸಾಕಾಯಿತು. ಮದುವೆಗಳಿಲ್ಲ, ಸ್ಟುಡಿಯೋ ಬಾಡಿಗೆ ನಿಲ್ಲುವುದಿಲ್ಲ. ನಾಲ್ವರಲ್ಲಿ ಇನ್ನೊಬ್ಬನು ಧಾನ್ಯದ ಮಾರುಕಟ್ಟೆಯಾದ ಗಂಜಿನಲ್ಲಿ ಜೀವಮಾನವಿಡೀ ಚೀಲ ಹೊತ್ತು ಬೆನ್ನು ಬಾಗಿದ ಮುದುಕ ಹಮಾಲ. ಕೋಟಿಗಳ ಕನಸು ಯಾರಿಗೂ ಇಲ್ಲ. ಬೇಕಾದ ಹಣ ಚಿಕ್ಕದಾದಷ್ಟೂ ಪ್ರೇಕ್ಷಕರು ಬೇಗ ಕಳ್ಳನ ಕಡೆಗೆ ವಾಲುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ದೋಚುವ ಜಾಗವಾಗಿ ನೆಹರೂ ಗಂಜಿನ ಒಂದು ಅಡತ್ (ದಲ್ಲಾಳಿ) ಅಂಗಡಿಯನ್ನು ಕಲ್ಪಿಸಿಕೊಂಡೆ. ತೊಗರಿ ಮಾರುಕಟ್ಟೆಗೆ ಬರುವ ಕಾಲ, ತಿಜೋರಿ ತುಂಬಿರಬೇಕು ಎಂಬ ಅಂದಾಜು. ಪಕ್ಕದ ಮನೆಯ ಯಜಮಾನರು ಊರಿಗೆ ಹೋಗಿದ್ದಾರೆ, ನಡುವೆ ಇರುವುದು ಒಂದೇ ಗೋಡೆ. ಇನ್ನು ಸೋಲಿಗೊಂದು ಕಾರಣ ಬೇಕು. ಕಥೆ ಬರೆಯುವವರು ಸುಮ್ಮನೆ ಜಾರುವುದು ಇಲ್ಲೇ: ಪೊಲೀಸ್ ಜೀಪು ಬರುತ್ತದೆ, ನಾಯಿ ಬೊಗಳುತ್ತದೆ, ಕರೆಂಟು ಹೋಗುತ್ತದೆ. ಹೊರಗಿನಿಂದ ಬಂದ ಸೋಲಿಗೆ ಜನ ಒಮ್ಮೆ ನಕ್ಕು ಮರೆಯುತ್ತಾರೆ. ಯೋಜನೆಯ ಒಳಗೇ ಹುಳ ಇರಬೇಕು. ನಾನು ವಾಸ್ತುವನ್ನು ತಂದೆ. ಮನೆಯ ನಕ್ಷೆ ಹೇಳುವವನು ಮುದುಕ ಹಮಾಲ. ಹಿಂದೆ ಆ ಮನೆಗೆ ಚೀಲ ಇಳಿಸಲು ಹೋದಾಗ ನೋಡಿದ್ದು. ಅದಾದ ಮೇಲೆ ಯಜಮಾನರು ಅಡುಗೆಮನೆ ಆಗ್ನೇಯದಲ್ಲೇ ಇರಬೇಕೆಂದು ಕೋಣೆಗಳನ್ನು ಅದಲುಬದಲು ಮಾಡಿಸಿದ್ದಾರೆ. ಈ ಮಾತು ಮೊದಲ ದೃಶ್ಯದಲ್ಲೇ ಚಹಾದ ಅಂಗಡಿಯಲ್ಲಿ ಬಂದು ಹೋಗುತ್ತದೆ. ಪ್ರೇಕ್ಷಕರು ಕೇಳಿಸಿಕೊಂಡಿರುತ್ತಾರೆ, ಕಳ್ಳರು ಕೇಳಿಸಿಕೊಂಡಿರುವುದಿಲ್ಲ.

ಗೋಡೆಯೇ ನಮ್ಮ ದೊಡ್ಡ ಕೆಲಸ. ಇಲ್ಲಿಯ ಹಳೆಯ ಮನೆಗಳ ಗೋಡೆ ಇಟ್ಟಿಗೆಯದಲ್ಲ, ಕಲ್ಲು ಮಣ್ಣಿನದು; ಕಿಟಕಿಯ ಹಲಗೆಯ ಮೇಲೆ ಮನುಷ್ಯ ಆರಾಮವಾಗಿ ಕೂರುವಷ್ಟು ದಪ್ಪ. ತಂಡದಲ್ಲಿ ಗೌಂಡಿ ಕೆಲಸ ಮಾಡುವ ಹುಡುಗನೊಬ್ಬನಿದ್ದ. ಕಾಕಾ ಗೋಡೆಯ ನಡುಮಧ್ಯಕ್ಕೆ ಸುತ್ತಿಗೆ ಬೀಸುವುದನ್ನು ನೋಡಿ, “ಅಣ್ಣಾ, ಹೀಗೆ ಹೊಡೆದರೆ ಬೆಳಗಾದರೂ ಕಲ್ಲು ಅಲುಗುವುದಿಲ್ಲ” ಎಂದ. ಸಂದಿನ ಮಣ್ಣನ್ನು ಉಳಿಯಿಂದ ಕೆರೆಯಬೇಕು, ಮೊದಲು ಸಂದಿಗೆ ತುರುಕಿದ ಚಿಕ್ಕ ಚಕ್ಕೆ ಕಲ್ಲನ್ನು ಎಳೆಯಬೇಕು, ಅದು ಬಂದರೆ ಪಕ್ಕದ್ದು ಸಡಿಲಾಗುತ್ತದೆ, ಆಮೇಲೆ ಹಾರೆಗೆ ಜಾಗ. ಇದನ್ನು ಕೇಳಿದ ಮೇಲೆ ಆ ದೃಶ್ಯದ ಮಾತನ್ನೆಲ್ಲ ಹೊಡೆದು ಹಾಕಿದೆ. ಕೆಲಸವೇ ದೃಶ್ಯ.

ಹಾಗೆ ಮಾಡಲು ಧೈರ್ಯ ಕೊಟ್ಟದ್ದು ಜೂಲ್ಸ್ ದಾಸಿನ್ 1955ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ‘ರಿಫಿಫಿ’. ಅದರ ಕಳ್ಳತನದ ಭಾಗದಲ್ಲಿ ಸುಮಾರು ಅರ್ಧ ಗಂಟೆ ಮಾತೂ ಇಲ್ಲ, ಸಂಗೀತವೂ ಇಲ್ಲ. ಮೊನಿಚೆಲ್ಲಿ ಅಣಕಿಸಿದ್ದು ಆ ಚಿತ್ರವನ್ನೇ. ಅಣಕಿಸುವವನಿಗೆ ಮೂಲದಷ್ಟೇ ಕಸುಬು ಗೊತ್ತಿರಬೇಕು, ಇಲ್ಲದಿದ್ದರೆ ಅದು ಕಾಲೇಜು ವಾರ್ಷಿಕೋತ್ಸವದ ಸ್ಕಿಟ್ ಆಗುತ್ತದೆ.

ನಮ್ಮ ಗೋಡೆ ಬಿದಿರಿನ ಚೌಕಟ್ಟು, ಅದರೊಳಗೆ ಥರ್ಮಕೋಲಿನ ಕಲ್ಲುಗಳು. ಒಂದೊಂದನ್ನೂ ಹಳೆಯ ಸೀರೆಯ ಬಟ್ಟೆಯಲ್ಲಿ ಸುತ್ತಿ, ಅಂಟು ಬೆರೆಸಿದ ಮಣ್ಣು ಬಳಿದು ಒಣಗಿಸಿದೆವು. ಥರ್ಮಕೋಲ್ ಬಿದ್ದರೆ ಸದ್ದಾಗುವುದಿಲ್ಲ. ಪರದೆಯ ಹಿಂದೆ ಒಬ್ಬಳು ಹುಡುಗಿ ಕಾಕಾ ಕಲ್ಲು ಎಳೆದ ಕ್ಷಣಕ್ಕೆ ಸರಿಯಾಗಿ ಶಹಾಬಾದ್ ಫರಸಿಯ ತುಂಡನ್ನು ಮರಳು ಹಾಸಿದ ಬುಟ್ಟಿಗೆ ಬಿಡುತ್ತಿದ್ದಳು. ಧೂಳಿಗೆ ಸುಣ್ಣದ ಪುಡಿ ಕಣ್ಣಿಗೆ ಅಪಾಯ ಎಂದು ಬೇಳೆ ಮಿಲ್ಲಿನ ಸಣ್ಣ ಹೊಟ್ಟನ್ನು ಜರಡಿ ಹಿಡಿದು ಸಂದುಗಳಲ್ಲಿ ತುಂಬಿದೆವು. ದೀಪದ ಬೆಳಕಿನಲ್ಲಿ ಅದು ಮೇಲೆದ್ದು ನಿಧಾನವಾಗಿ ಇಳಿಯುತ್ತಿತ್ತು, ಜೊತೆಗೆ ಸಭಾಂಗಣದ ಮುಂದಿನ ಸಾಲುಗಳಿಗೆ ಗಂಜಿನ ವಾಸನೆ. ಅದು ನಾವು ಎಣಿಸದೇ ಸಿಕ್ಕ ಲಾಭ.

ಮೊದಲ ಪ್ರದರ್ಶನ ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ. ಪಂಡಿತರು ಇದೇ ಊರಿನವರು, ಮುಂಬೈಯಲ್ಲಿ ಸಿನಿಮಾ ಜಾಹೀರಾತು ಚಿತ್ರಗಳನ್ನು ಬರೆದು ಹೆಸರಾದ ಕಲಾವಿದರು. ಸಿನಿಮಾದಿಂದ ಹುಟ್ಟಿದ ನಾಟಕಕ್ಕೆ ಅವರ ಹೆಸರಿನ ಅಂಗಳ ಸಿಕ್ಕಿದ್ದು ನನಗೆ ಒಳಗೊಳಗೇ ಖುಷಿ.

ಅಂದು ಗೋಡೆ ಒಡೆಯುವಾಗ ಜನ ಹೆಚ್ಚು ನಗಲಿಲ್ಲ. ಉಸಿರು ಬಿಗಿ ಹಿಡಿದು ನೋಡಿದರು. ನಗು ಬಂದದ್ದು ಅದರ ನಂತರ. ಇಟಲಿಯ ಕಳ್ಳರು ಗೋಡೆ ಒಡೆದು ಹೊಕ್ಕದ್ದು ತಾವಿದ್ದ ಮನೆಯದೇ ಅಡುಗೆಮನೆಗೆ. ಅಲ್ಲಿದ್ದ ಪಾಸ್ತಾ ಮತ್ತು ಕಡಲೆಯನ್ನು ಬಿಸಿ ಮಾಡಿ ಉಣ್ಣುತ್ತಾರೆ. ನಮ್ಮವರಿಗೆ ಸಿಕ್ಕಿದ್ದು ತೊಗರಿಬೇಳೆ ಪಲ್ಯ, ಶೇಂಗಾ ಹಿಂಡಿ, ಬುಟ್ಟಿಯ ತುಂಬ ಖಡಕ್ ಜೋಳದ ರೊಟ್ಟಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದೆಯಲ್ಲ, ಪೈಲವಾನ ಆ ಬೇಳೆಯನ್ನು ಬಂಗಾರ ತೂಗುವವನಂತೆ ಬೆರಳಲ್ಲಿ ಹಿಡಿದು ನೋಡುತ್ತಾನೆ. ಆದರೆ ದೃಶ್ಯ ನಿಂತದ್ದು ರೊಟ್ಟಿಯ ಮೇಲೆ. ಸದ್ದಾಗಬಾರದೆಂದು ಉಳಿಗೆ ಅರಿವೆ ಸುತ್ತಿ ಕನ್ನ ಕೊರೆದವರು ಇವರು. ಈಗ ಮುದುಕ ಹಮಾಲ ರೊಟ್ಟಿ ಮುರಿಯುತ್ತಾನೆ: ಟಪ್! ನಾಲ್ವರೂ ಕಲ್ಲಾಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಫೋಟೋಗ್ರಾಫರ್ ರೊಟ್ಟಿಯನ್ನು ಅಂಗಿಯೊಳಗೆ ತೂರಿಸಿ ಮುರಿಯುತ್ತಾನೆ. ಪೈಲವಾನ ರೊಟ್ಟಿಗೂ ಅರಿವೆ ಸುತ್ತುತ್ತಾನೆ. ಇದು ಬರೆದ ದೃಶ್ಯವಲ್ಲ, ತಾಲೀಮಿನಲ್ಲಿ ನಿಜವಾದ ರೊಟ್ಟಿ ತಂದ ದಿನ ತಾನಾಗಿ ಹುಟ್ಟಿದ್ದು. ರಂಗದ ಮೇಲೆ ಸುಳ್ಳು ಊಟ ಇಡುವವರು ಇಂಥದ್ದನ್ನೆಲ್ಲ ಕಳೆದುಕೊಳ್ಳುತ್ತಾರೆ.

ಪ್ರದರ್ಶನ ಮುಗಿದ ಮೇಲೆ ಗಂಜಿನ ವ್ಯಾಪಾರಿಯೊಬ್ಬರು ಒಳಗೆ ಬಂದರು. ನಾಟಕ ಚೆನ್ನಾಗಿದೆ, ಆದರೆ ನಿಮ್ಮ ಕಳ್ಳರಿಗೆ ವ್ಯಾಪಾರ ಗೊತ್ತಿಲ್ಲ ಎಂದರು. “ಸರಿಯಾದ ಗೋಡೆ ಒಡೆದಿದ್ದರೂ ಏನು ಸಿಗುತ್ತಿತ್ತು? ಈಗ ರೈತರ ದುಡ್ಡು ಬ್ಯಾಂಕ್ ಖಾತೆಗೇ ಹೋಗುತ್ತದೆ. ನನ್ನ ತಿಜೋರಿಯಲ್ಲಿ ಲಕ್ಷ್ಮೀ ಫೋಟೋ ಮತ್ತು ಹಳೆಯ ಕಾಗದಪತ್ರಗಳು ಇವೆ.” ಎದ್ದು ನಿಂತು ಕೇಳಿಸಿಕೊಂಡ ಕಾಕಾ, ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂದು ಆ ಮನುಷ್ಯನ ಮೇಲೇ ರೇಗಿದರು.

ಯಾದಗಿರಿಯ ಪ್ರದರ್ಶನಕ್ಕೆ ಹೊರಡುವ ಮುನ್ನ ಆ ಮಾತನ್ನು ನಾಟಕಕ್ಕೆ ಸೇರಿಸಿದೆ. ಊಟ ಮುಗಿಸಿ ಕೈ ತೊಳೆಯುತ್ತ ಮುದುಕ ಹಮಾಲ ಅದನ್ನು ಹೇಳುತ್ತಾನೆ. ಉಳಿದ ಮೂವರು ಅವನನ್ನು ಕೆಕ್ಕರಿಸಿ ನೋಡಿ, ಮತ್ತೆ ರೊಟ್ಟಿ ಬುಟ್ಟಿಗೆ ಕೈ ಹಾಕುತ್ತಾರೆ.