ಪ್ರಾಗ್‌ನಲ್ಲಿ ನನಗೆ ಪುಕ್ಕಟೆ, ಅವಳಿಗೆ ಟಿಕೆಟ್

ಊರಲ್ಲಿ ಬಸ್ ಹತ್ತಿದರೆ ನಮ್ಮನೆಯವಳು ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳುತ್ತಾಳೆ. ನಾನು ಹಿರಿಯ ನಾಗರಿಕರ ಶೇ. 25 ರಿಯಾಯಿತಿ ಕಳೆದು ಉಳಿದದ್ದನ್ನು ಎಣಿಸಿ ಕೊಡುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಈ ವಿಷಯಕ್ಕೆ ಮನೆಯಲ್ಲಿ ನಾನು ಬಾಯಿ ಬಿಡುವ ಹಾಗಿಲ್ಲ. ಹೋದ ವರ್ಷ ಅಲ್ಲ, ಅದರ ಹಿಂದೆ, 2024ರ ಮೇ ತಿಂಗಳಲ್ಲಿ ಚೆಕ್ ದೇಶದ ರಾಜಧಾನಿ ಪ್ರಾಗ್‌ನಲ್ಲಿ ಮೂರು ದಿನ ಈ ಲೆಕ್ಕ ತಿರುವುಮುರುವಾಯಿತು. ಆಗ ನನಗೆ 68, ಅವಳಿಗೆ 59. ಆ ಊರಲ್ಲಿ 65 ತುಂಬಿದವರಿಗೆ ಮೆಟ್ರೊ, ಟ್ರಾಮ್, ಬಸ್ಸು ಎಲ್ಲ ಪುಕ್ಕಟೆ. ಪ್ರವಾಸಿಯಾದರೂ ಸರಿ, ವಯಸ್ಸು ತೋರಿಸುವ ದಾಖಲೆ ಜೇಬಲ್ಲಿರಬೇಕು, ಅಷ್ಟೇ.

ಡ್ರೆಸ್ಡೆನ್‌ನಲ್ಲಿರುವ ಮಗ ನಂಬಲೇ ಇಲ್ಲ. "ಅಪ್ಪ, ಬುಡಾಪೆಸ್ಟ್‌ದು ಸಾಲಲಿಲ್ವಾ?" ಅಂದ.

ಅದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಹಿಂದಿನ ವರ್ಷ ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ "65 ದಾಟಿದವರಿಗೆ ಉಚಿತ" ಅನ್ನುವ ಒಂದು ಸಾಲು ಓದಿಕೊಂಡು, ಡ್ಯಾನ್ಯೂಬ್ ದಂಡೆಯ 2ನೇ ನಂಬರ್ ಟ್ರಾಮ್‌ನಲ್ಲಿ ಕಿಟಕಿ ಪಕ್ಕ ರಾಜನ ಹಾಗೆ ಕೂತಿದ್ದೆ. ಮುಂದಿನ ಸಾಲು ಓದಿರಲಿಲ್ಲ: ಐರೋಪ್ಯ ಒಕ್ಕೂಟದ ಪೌರರಿಗೆ. ತಪಾಸಣೆಯವನು ನನ್ನ ನೀಲಿ ಪಾಸ್‌ಪೋರ್ಟ್‌ನ ರಟ್ಟು ನೋಡಿದ, ಒಳಗಿನ ಹುಟ್ಟಿದ ದಿನದವರೆಗೆ ಹೋಗಲೇ ಇಲ್ಲ. ದಂಡ ನೆನಪಿರುವ ಹಾಗೆ 12 ಸಾವಿರ ಫೋರಿಂಟ್, ನಮ್ಮ ದುಡ್ಡಿನಲ್ಲಿ ಮೂರು ಸಾವಿರದ ಆಸುಪಾಸು. ತಪ್ಪು ಪೂರ್ತಿ ನನ್ನದೇ. ಪಕ್ಕದಲ್ಲಿ ಟಿಕೆಟ್ ಹಿಡಿದು ಕೂತಿದ್ದವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ಹಾಗಾಗಿ ಪ್ರಾಗ್‌ಗೆ ಹೋಗುವ ಮೊದಲು ನಿಯಮವನ್ನು ಕೊನೆಯ ಅಕ್ಷರದವರೆಗೆ ಓದಿದೆ. ರೈಲಿನಿಂದ ಮುಖ್ಯ ನಿಲ್ದಾಣದಲ್ಲಿ ಇಳಿದು, ಕೆಳಗಿನ ಸಿ ಮಾರ್ಗದ ಮೆಟ್ರೊಗೆ ಹೋದರೆ ಅಲ್ಲಿ ಗೇಟೇ ಇಲ್ಲ, ಹಳದಿ ಪೆಟ್ಟಿಗೆ ಮಾತ್ರ. ಅವಳು 72 ಗಂಟೆಯ ಟಿಕೆಟ್ ತೆಗೆದು ಪೆಟ್ಟಿಗೆಯ ಬಾಯಿಗಿಟ್ಟು ಮುದ್ರೆ ಒತ್ತಿಸಿಕೊಂಡಳು, ಅಲ್ಲಿನ ದುಡ್ಡಿನಲ್ಲಿ 330 ಕೊರುನಾ. ನನಗೆ ಒತ್ತಿಸಲು ಏನೂ ಇಲ್ಲ. ನಲವತ್ತು ವರ್ಷ ಟಿಕೆಟ್ಟನ್ನು ವಾಚಿನ ಬೆಲ್ಟಿಗೆ ಸಿಕ್ಕಿಸಿಕೊಂಡು ಓಡಾಡಿದವನಿಗೆ ಕೈಯಲ್ಲೊಂದು ಚೀಟಿಯೂ ಇಲ್ಲದೆ ಕೆಳಗಿಳಿಯುವಾಗ ಎದೆ ಡವಡವ ಅಂದದ್ದು ನಿಜ.

ಎರಡನೇ ದಿನ ತಪಾಸಣೆಯವನು ಬಂದೇ ಬಂದ. ಕೋಟೆಯ ಕಡೆ ಹೋಗುವ 22ನೇ ಟ್ರಾಮ್, ಸಾದಾ ಬಟ್ಟೆಯ ಮನುಷ್ಯ, ಅಂಗೈಯಲ್ಲಿ ಬಿಲ್ಲೆ. ನಾನು ಪಾಸ್‌ಪೋರ್ಟ್ ತೆರೆದು, ಹುಟ್ಟಿದ ದಿನದ ಕೆಳಗೆ ಹೆಬ್ಬೆರಳಿಟ್ಟು ಚಾಚಿದೆ. 1956 ಅನ್ನುವುದನ್ನು ನೋಡಿ ತಲೆಯಾಡಿಸಿದ, "ದ್ಯೆಕುಯಿ" ಅಂದ, ಧನ್ಯವಾದ ಅಂತ. ಐದು ಸೆಕೆಂಡೂ ಹಿಡಿಯಲಿಲ್ಲ. ದುಡ್ಡು ಕೊಟ್ಟವಳದೇ ಪಜೀತಿ: ಪರ್ಸ್, ಅದರೊಳಗಿನ ಪೌಚು, ಕನ್ನಡಕದ ಡಬ್ಬಿ ಎಲ್ಲ ತಡಕಿ, ಕೊನೆಗೆ ಶುಂಠಿ ಪೆಪ್ಪರಮಿಂಟ್ ಪೊಟ್ಟಣಕ್ಕೆ ಅಂಟಿಕೊಂಡಿದ್ದ ಟಿಕೆಟ್ ಸಿಕ್ಕಿತು. ನಾನು ಆಗ ಕಿಟಕಿಯ ಆಚೆ ನೋಡುತ್ತಿದ್ದೆ. ಮಗನಿಗೆ ಆ ಟ್ರಾಮ್‌ನಿಂದಲೇ ಫೋನ್ ಮಾಡಿದೆ.

22ರಲ್ಲಿ ಜೇಬುಗಳ್ಳರ ಕಾಟ ಉಂಟು, ಪಾಸ್‌ಪೋರ್ಟ್ ಹೊರಜೇಬಲ್ಲಿ ಬೇಡ. ನನ್ನದಕ್ಕೆ ಅವಳು ಊರಲ್ಲೇ ಒಂದು ಗುಪ್ತ ಜೇಬು ಹೊಲಿದು ಕೊಟ್ಟಿದ್ದಳು. ಎಲ್ಲಿ ಅಂತ ಹೇಳುವುದಿಲ್ಲ. ಆ ಟ್ರಾಮ್‌ನಲ್ಲಿ ಖಾಲಿ ಸೀಟು ಸಿಗುವ ಸ್ಟಾಪ್ ಯಾವುದೆಂದೂ ಹೇಳುವುದಿಲ್ಲ, ಮುಂದಿನ ಸಲ ನನಗೇ ಬೇಕು.

ಪುಕ್ಕಟೆ ಅಂದಮೇಲೆ ಕೈಕಟ್ಟಿ ಕೂರಲಾಗುತ್ತದೆಯೇ? ನಾಮೆಸ್ತಿ ಮಿರು ಮೆಟ್ರೊ ನಿಲ್ದಾಣದ ಎಸ್ಕಲೇಟರ್ 87 ಮೀಟರ್ ಉದ್ದ, ಐರೋಪ್ಯ ಒಕ್ಕೂಟದಲ್ಲೇ ಅತಿ ಉದ್ದದ್ದು. ಗಡಿಯಾರ ಹಿಡಿದು ಇಳಿದೆ, ಮತ್ತೆ ಹತ್ತಿದೆ. ಎರಡು ನಿಮಿಷದ ಮೇಲೆ. ಅವಳು ಮೇಲೆ ಬೆಂಚಿನ ಮೇಲೆ ಕೂತು "ರೀ, ಸಾಕು ಬನ್ರೀ" ಅಂತ ಮೂರು ಸಲ ಫೋನ್ ಮಾಡಿದಳು. ಪೋಡ್‌ಬಾಬಾದಿಂದ ಮೃಗಾಲಯದ ಕಡೆಯ ದಡಕ್ಕೆ ದಾಟಿಸುವ ಪುಟ್ಟ ದೋಣಿಯೂ ನಗರ ಸಾರಿಗೆಯದೇ. ಅದರಲ್ಲೂ ಹೋಗಿ ಬಂದೆ, ಆ ದಡದಲ್ಲಿ ನನಗೇನೂ ಕೆಲಸವಿರಲಿಲ್ಲ. ಹಳೇ ಕಾಲದ ಟ್ರಾಮ್ ಒಂದು ಓಡುತ್ತದೆ, ಅದಕ್ಕೆ ಬೇರೆಯೇ ದರ, ಬಿಟ್ಟಿ ಹತ್ತಲು ಹೋಗಬೇಡಿ.

ಇಷ್ಟೆಲ್ಲ ಓದಿಕೊಂಡರೂ ಎಡವಿದ್ದು ಕಾರ್ಲ್‌ಶ್ಟೆಯ್ನ್ ಕೋಟೆಗೆ ಹೋಗುವಾಗ. ಲೋಕಲ್ ರೈಲೂ ಊರೊಳಗೆ ಉಚಿತವೇ. ಆದರೆ ರಾಡೋಟಿನ್ ದಾಟಿದರೆ ಪ್ರಾಗ್ ಮುಗಿಯಿತು, ಅಲ್ಲಿಂದಾಚೆಗೆ ಟಿಕೆಟ್ ಬೇಕು, ಅವಳ 72 ಗಂಟೆಯದೂ ನಡೆಯುವುದಿಲ್ಲ. ಕಂಡಕ್ಟರಮ್ಮ ಬೈಯಲಿಲ್ಲ, ಸೊಂಟದ ಯಂತ್ರ ಒತ್ತಿ ಇಬ್ಬರಿಗೂ ಚೀಟಿ ಹರಿದು ಕೊಟ್ಟಳು. ಇಬ್ಬರದೂ ಸೇರಿ ನೂರು ಕೊರುನಾ ಇದ್ದಿರಬಹುದು.

ಒಟ್ಟು ಉಳಿದದ್ದು 1,200 ರೂಪಾಯಿ ಚಿಲ್ಲರೆ. "ಬುಡಾಪೆಸ್ಟ್‌ದು ಕಳೆದರೆ ಇನ್ನೂ ಸಾಲದಲ್ಲೇ ಇದ್ದೀರಿ" ಅಂದಳು. ಪೋಲೆಂಡಿನ ವಾರ್ಸಾದಲ್ಲಿ 70 ದಾಟಿದವರಿಗೆ ಪುಕ್ಕಟೆಯಂತೆ. ಈ ಸಲ ಮುಂದಿನ ಸಾಲನ್ನು ಅವಳೇ ಕನ್ನಡಕ ಹಾಕಿಕೊಂಡು ಓದಿದ್ದಾಳೆ.