ಮದುವೆ ಡಿವಿಡಿಯನ್ನು ಟಿವಿಯ ಪೆನ್‌ಡ್ರೈವ್‌ಗೆ ತರುವ ಕೆಲಸ: ನನ್ನ ಅನುಭವ

2000ರ ದಶಕದ ಮದುವೆಗಳ ನೆನಪು ಬಹುಪಾಲು ಮನೆಗಳಲ್ಲಿ ಈಗ ಬೀರುವಿನೊಳಗಿನ ಎರಡು ಡಿವಿಡಿಗಳಲ್ಲಿದೆ. ಓದಿಸಲು ಪ್ಲೇಯರ್ ಇಲ್ಲ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವೂ ಇಲ್ಲ. ಯುಎಸ್‌ಬಿ ಡಿವಿಡಿ ಡ್ರೈವ್ ಒಂದಿದ್ದರೆ ಉಳಿದದ್ದೆಲ್ಲ ಉಚಿತ ತಂತ್ರಾಂಶದಲ್ಲೇ ಆಗುತ್ತದೆ. ಸುಮ್ಮನೆ ‘ಕನ್ವರ್ಟ್’ ಒತ್ತಿದರೂ ಏನೋ ಒಂದು ಫೈಲ್ ಬರುತ್ತದೆ, ಆದರೆ ಚಲನೆಯ ಅರ್ಧ ಅದರಲ್ಲಿ ಇರುವುದಿಲ್ಲ. ಅದು ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಮೊದಲು ಡಿಸ್ಕ್. ಮನೆಯಲ್ಲಿ ಬರ್ನ್ ಮಾಡಿದ ಡಿವಿಡಿಯಲ್ಲಿ ದತ್ತಾಂಶ ಕೂತಿರುವುದು ಬಣ್ಣದ ಪದರದ ಮೇಲೆ. ಅದು ವರ್ಷಗಳಲ್ಲಿ ಮಾಸುತ್ತದೆ. ಆದ್ದರಿಂದ ಡಿಸ್ಕ್‌ನಿಂದ ನೇರವಾಗಿ ಕನ್ವರ್ಟ್ ಮಾಡಬೇಡಿ, ಮೊದಲು ಐಎಸ್‌ಒ ಇಮೇಜ್ (ಇಡೀ ಡಿಸ್ಕ್‌ನ ನಕಲು, ಒಂದೇ ಫೈಲ್‌ನಲ್ಲಿ) ತೆಗೆದಿಡಿ. ಒರೆಸುವಾಗ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು. ಸುತ್ತ ತಿಕ್ಕಿದರೆ ಗೀರು ಟ್ರ್ಯಾಕ್‌ನ ಉದ್ದಕ್ಕೂ ಬೀಳುತ್ತದೆ, ಡ್ರೈವಿನ ದೋಷ ತಿದ್ದುವಿಕೆಗೆ ಅದು ಮೀರಿದ ಹೊರೆ. ಓದುತ್ತಾ ಓದುತ್ತಾ ಡ್ರೈವ್ ತಡವರಿಸಿ ನಿಂತರೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ, ಸೆಕ್ಟರ್ ಗಾತ್ರ 2048 ಎಂದು ಕೊಡಿ. ಅದು ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲೆಲ್ಲಿ ಓದಿ ಆಯಿತೆಂದು ಬರೆದಿಡುವ ಮ್ಯಾಪ್ ಫೈಲ್ ಉಳಿಸಿಕೊಂಡಿದ್ದರೆ ಅದೇ ಡಿಸ್ಕನ್ನು ಇನ್ನೊಂದು ಡ್ರೈವಿಗೆ ಹಾಕಿ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಒಂದು ಡ್ರೈವ್ ಓದದ ಸೆಕ್ಟರನ್ನು ಇನ್ನೊಂದು ಓದುವುದು ಮಾಮೂಲು.

ಇಮೇಜ್ ತೆರೆದರೆ ವಿಡಿಯೊ ಟಿಎಸ್ ಎಂಬ ಫೋಲ್ಡರ್, ಅದರಲ್ಲಿ ಸುಮಾರು 1 ಜಿಬಿಯ ವಿಒಬಿ ಎಂಬ ವಿಡಿಯೊ ತುಂಡುಗಳು. ಹೆಸರಿನ ಕೊನೆಗೆ 0 ಇರುವುದು ಮೆನು, 1ರಿಂದ ಮುಂದಿನವು ಮದುವೆ. ತುಂಡು ತುಂಡಾಗಿ ಕನ್ವರ್ಟ್ ಮಾಡಿ ಆಮೇಲೆ ಅಂಟಿಸುವವರಿದ್ದಾರೆ. ಅಂಟಿಸಿದಲ್ಲಿ ವಾಲಗ ಒಂದು ಕ್ಷಣ ಕಡಿಯುತ್ತದೆ, ಕೆಲವೊಮ್ಮೆ ಅಲ್ಲಿಂದಾಚೆ ಧ್ವನಿಯೇ ಹಿಂದೆ ಬೀಳುತ್ತದೆ. ಇಡೀ ಫೋಲ್ಡರನ್ನೋ ಐಎಸ್‌ಒವನ್ನೋ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಕನ್ವರ್ಟ್ ತಂತ್ರಾಂಶಕ್ಕೆ ಕೊಟ್ಟರೆ, ತುಂಡುಗಳ ಕ್ರಮ ಹೇಳುವ ಐಎಫ್‌ಒ ಫೈಲ್ ಓದಿ ಅದೇ ಸರಿಯಾಗಿ ಜೋಡಿಸಿಕೊಳ್ಳುತ್ತದೆ.

ಈಗ ಆ ಅರ್ಧ ಚಲನೆಯ ವಿಷಯ. ನಮ್ಮಲ್ಲಿನ ಡಿವಿಡಿಗಳು ಪಾಲ್ ಎಂಬ ಟಿವಿ ಪದ್ಧತಿಯವು: 720×576, ಸೆಕೆಂಡಿಗೆ 25 ಫ್ರೇಮ್. ಆದರೆ ಆ ಕಾಲದ ಕ್ಯಾಮೆರಾ ಹಿಡಿದದ್ದು 25 ಪೂರ್ಣ ಚಿತ್ರಗಳನ್ನಲ್ಲ, 50 ಅರ್ಧ ಚಿತ್ರಗಳನ್ನು, ಅಂದರೆ ಫೀಲ್ಡ್‌ಗಳನ್ನು. ಒಂದು ಫೀಲ್ಡ್‌ನಲ್ಲಿ ಬೆಸ ಗೆರೆಗಳು, ಸೆಕೆಂಡಿನ ಐವತ್ತನೇ ಒಂದು ಭಾಗದ ನಂತರ ಇನ್ನೊಂದರಲ್ಲಿ ಸಮ ಗೆರೆಗಳು. ಇದೇ ಇಂಟರ್‌ಲೇಸಿಂಗ್. ಹಳೆಯ ಪೆಟ್ಟಿಗೆ ಟಿವಿ ಅದನ್ನು ಹಾಗೆಯೇ ಬಿಡಿಸುತ್ತಿತ್ತು. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಆರತಿ ತಟ್ಟೆ ಸುತ್ತುವಾಗ ಕೈಯ ಅಂಚು ಬಾಚಣಿಗೆಯಂತೆ ಸೀಳಿ ಕಾಣುತ್ತದೆ. ಕನ್ವರ್ಟ್ ಮಾಡುವವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಬಾಚಣಿಗೆಯನ್ನು ಹಾಗೇ ಬಿಡುತ್ತಾರೆ, ಇಲ್ಲವೇ ಎರಡು ಫೀಲ್ಡ್‌ಗಳನ್ನು ಬೆಸೆದು 25 ಫ್ರೇಮ್ ಮಾಡುತ್ತಾರೆ. ಎರಡನೆಯದರಲ್ಲಿ ಗೆರೆ ಹೋಗುತ್ತದೆ, ಜೊತೆಗೆ ನಯವೂ ಹೋಗುತ್ತದೆ.

ಪ್ರತಿ ಫೀಲ್ಡನ್ನೂ ಒಂದೊಂದು ಪೂರ್ಣ ಫ್ರೇಮ್ ಮಾಡಿ 50 ಫ್ರೇಮ್‌ನ ವಿಡಿಯೊ ತೆಗೆಯುವುದೇ ಸರಿಯಾದ ದಾರಿ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ಪುಟದಲ್ಲಿ ಇಂಟರ್‌ಲೇಸ್ ಡಿಟೆಕ್ಷನ್ ಆಫ್ ಮಾಡಿ, ಬಾಚಣಿಗೆ ಗೆರೆ ತೆಗೆಯುವ ಡಿಇಂಟರ್‌ಲೇಸ್‌ಗೆ ಯಾಡಿಫ್ ಆರಿಸಿ (ಹೊಸ ಆವೃತ್ತಿಗಳಲ್ಲಿ ಬಿಡಬ್ಲ್ಯೂಡಿಫ್ ಇದೆ, ಸೀರೆಯ ಅಂಚಿನಲ್ಲಿ ಅದೇ ಚೆನ್ನ), ಅದರ ಪ್ರಿಸೆಟ್ ‘ಬಾಬ್’ ಇರಲಿ, ಫೀಲ್ಡಿಗೊಂದು ಫ್ರೇಮ್ ಮಾಡುವುದು ಅದೇ. ವಿಡಿಯೊ ಪುಟದಲ್ಲಿ ಫ್ರೇಮ್‌ರೇಟ್ 50, ಕಾನ್‌ಸ್ಟಂಟ್. ಈ ಕೊನೆಯದನ್ನು ಮರೆತು 25ರಲ್ಲೇ ಬಿಟ್ಟರೆ ಬಾಬ್ ಮಾಡಿದ್ದು ನೀರಿನಲ್ಲಿ ಹೋಮ. ಫಲಿತಾಂಶದಲ್ಲಿ ಜನ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಎಂಬಂತೆ ನಡುಗುತ್ತಾ ನಡೆದರೆ ಫೀಲ್ಡ್‌ಗಳ ಸರದಿ ತಿರುಗುಮುರುಗಾಗಿದೆ ಎಂದರ್ಥ. ಮಿನಿಡಿವಿ ಕ್ಯಾಸೆಟ್‌ನಲ್ಲಿ ಕೆಳಗಿನ ಫೀಲ್ಡ್ ಮೊದಲು, ಡಿವಿಡಿಯಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಎಡಿಟಿಂಗ್‌ನಲ್ಲಿ ಇದನ್ನು ಗಮನಿಸದೆ ಬರ್ನ್ ಮಾಡಿದ ಡಿಸ್ಕ್‌ಗಳು ಇವೆ. ಕಸ್ಟಮ್ ಜಾಗದಲ್ಲಿ ಫೀಲ್ಡ್‌ಗಳ ಸರದಿ ಹೇಳುವ ಪ್ಯಾರಿಟಿಯನ್ನು 1 ಮಾಡಿದರೆ ಕೆಳಗಿನದು ಮೊದಲಾಗುತ್ತದೆ, ನಡುಕ ನಿಲ್ಲುತ್ತದೆ. ಡಿಇಂಟರ್‌ಲೇಸ್ ಮಾಡದೆ ಯಾರೋ ಆಗಲೇ ಗಾತ್ರ ಬದಲಿಸಿ ಕೊಟ್ಟ ಫೈಲ್ ನಿಮ್ಮ ಕೈಗೆ ಬಂದಿದ್ದರೆ ಮಾತ್ರ ದಾರಿಯಿಲ್ಲ. ಗೆರೆಗಳು ಕಲಸಿ ಅಲೆಅಲೆಯಾಗಿರುತ್ತವೆ, ಯಾವ ಫಿಲ್ಟರೂ ಅದನ್ನು ಬಿಡಿಸದು. ಮೂಲ ಡಿಸ್ಕ್ ಹುಡುಕಿ.

ಮುಖ ದಪ್ಪಗೆ ಅಥವಾ ಉದ್ದಕ್ಕೆ ಕಾಣುವುದು ಇನ್ನೊಂದು ಗೋಳು. ಡಿವಿಡಿಯ ಪಿಕ್ಸೆಲ್ ಚೌಕವಲ್ಲ. ಹೇಗೆ ಹಿಗ್ಗಿಸಬೇಕೆಂಬ ಸೂಚನೆ ಫೈಲ್‌ನೊಳಗೆ ಇದ್ದರೂ ಪೆನ್‌ಡ್ರೈವ್‌ನಿಂದ ಓದುವಾಗ ಕೆಲವು ಟಿವಿಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಡೈಮೆನ್ಶನ್ಸ್ ಪುಟದಲ್ಲಿ ಆ ಸೂಚನೆಗೆ ಸಂಬಂಧಿಸಿದ ಅನಮಾರ್ಫಿಕ್ ಅನ್ನು ‘ನನ್’ (None) ಮಾಡಿ, 4:3 ವಿಡಿಯೊಗೆ 768×576, ಅಗಲ ಪರದೆಯದಕ್ಕೆ 1024×576 ಕೊಡುತ್ತೇನೆ. ಅಪ್‌ಸ್ಕೇಲಿಂಗ್‌ಗೆ ಒಪ್ಪಿಗೆಯ ಗುರುತು ಹಾಕದಿದ್ದರೆ ಅಗಲ 720ರಲ್ಲೇ ನಿಂತು ಎತ್ತರ ಇಳಿದುಬಿಡಬಹುದು, ನೋಡಿಕೊಳ್ಳಿ. ಅಂಚು ಕತ್ತರಿಸುವ ಕ್ರಾಪ್ ಆಟೊಮ್ಯಾಟಿಕ್ ಬೇಡ. ವಿಎಚ್‌ಎಸ್ ಕ್ಯಾಸೆಟ್‌ನಿಂದ ಬಂದ ಡಿಸ್ಕ್‌ನಲ್ಲಿ ತಳದಲ್ಲಿ ಮಿಣಮಿಣ ಎನ್ನುವ ಪಟ್ಟಿ ಇದ್ದರೆ ಕೆಳಗಿನ 8ರಿಂದ 12 ಗೆರೆ ಮಾತ್ರ ಕತ್ತರಿಸುತ್ತೇನೆ. ಇಲ್ಲದ ವಿವರವನ್ನು ತರಲಾಗದು. ‘ಎಚ್‌ಡಿ ಮಾಡಿಕೊಡುತ್ತೇವೆ’ ಎಂದು 1920×1080ಕ್ಕೆ ಎಳೆದ ಫೈಲ್ ದೊಡ್ಡದಾಗುತ್ತದೆ, ಅಷ್ಟೇ.

ಎನ್‌ಕೋಡರ್ ಎಕ್ಸ್264 (ಎಚ್264 ವಿಡಿಯೊ ಮಾಡುವುದು), ಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆಯಾದಷ್ಟೂ ಚಿತ್ರ ಚೆನ್ನ) 19 ಅಥವಾ 20, ಪ್ರಿಸೆಟ್ ಸ್ಲೋ, ಪ್ರೊಫೈಲ್ ಹೈ, ಲೆವೆಲ್ 4.0. ಲೆವೆಲ್ ಎಂದರೆ ಚಿತ್ರದ ಗಾತ್ರ ಮತ್ತು ವೇಗದ ಮಿತಿ, 3.1 ಸಾಕೆಂದು ಕೆಲವರು ಹೇಳುತ್ತಾರೆ. 768×576ಕ್ಕೆ ಸಾಕು, 1024×576 ಅನ್ನು 50 ಫ್ರೇಮ್‌ನಲ್ಲಿ ಓಡಿಸಿದರೆ ಆ ಮಿತಿ ದಾಟುತ್ತದೆ. ಅದಕ್ಕಿಂತ ಹೊಸದಾದ ಎಚ್265ರಲ್ಲಿ ಫೈಲ್ ಚಿಕ್ಕದಾದೀತು, ಆದರೆ ಊರಿನ ಅಜ್ಜಿಮನೆಯ ಹಳೆಯ ಟಿವಿಯಲ್ಲೂ ಓಡಬೇಕಾದ ಫೈಲ್‌ಗೆ ಅದು ಬೇಡ. ಆಡಿಯೊ ಎಎಸಿ, ಸ್ಟೀರಿಯೊ, 160 ಕೆಬಿಪಿಎಸ್. ಗಟ್ಟಿಮೇಳದ ಹೊತ್ತಿಗೆ ಧ್ವನಿ ಒಡೆದಿದ್ದರೆ ಅದು ಕ್ಯಾಮೆರಾದ ಮೈಕಿನಲ್ಲೇ ಒಡೆದದ್ದು. ವಾಲ್ಯೂಮ್ ಇಳಿಸಿದರೆ ಒಡಕು ಮೆಲ್ಲಗೆ ಕೇಳುತ್ತದೆ.

ಇಡೀ ಮೂರು ಗಂಟೆಯನ್ನು ಕನ್ವರ್ಟ್‌ಗೆ ಹಚ್ಚುವ ಮೊದಲು ರೇಂಜ್‌ನಲ್ಲಿ ಸೆಕೆಂಡ್ಸ್ ಆರಿಸಿ 60 ಸೆಕೆಂಡಿನ ತುಂಡು ತೆಗೆದು ಟಿವಿಯಲ್ಲೇ ನೋಡಿ. ಯಾವ ತುಂಡು? ಅಕ್ಷತೆ ಹಾಕುವ ದೃಶ್ಯ. ಎನ್‌ಕೋಡರ್‌ಗೆ ಅದಕ್ಕಿಂತ ಕಷ್ಟದ ಪರೀಕ್ಷೆ ಮದುವೆಯಲ್ಲಿ ಇಲ್ಲ: ನೂರಾರು ಕಾಳು, ಒಂದೊಂದಕ್ಕೂ ಒಂದೊಂದು ದಿಕ್ಕು, ಮೇಲೆ ಫೋಟೊದವರ ಫ್ಲಾಶ್. ಅಲ್ಲಿ ಚೌಕಚೌಕವಾಗಿ ಒಡೆದರೆ ಆರ್‌ಎಫ್ 18ಕ್ಕೆ ಇಳಿಸಿ. ಕಾಳುಗಳು ನಯವಾಗಿ ಹಾರಿದರೆ ಬಾಬ್ ಕೂಡ ಸರಿಯಾಗಿದೆ.

ಎಲ್ಲ ಫೈಲಿಗೂ ಈ ಪೂಜೆ ಬೇಕಿಲ್ಲ. ಟಿವಿಯಲ್ಲಿ ಚಿತ್ರ ಬಂದು ಧ್ವನಿ ಬರದಿದ್ದರೆ ಮೊದಲು ಮೀಡಿಯಾಇನ್‌ಫೊದಲ್ಲಿ ತೆರೆದು ಒಳಗೇನಿದೆ ನೋಡಿ. ಎಂಕೆವಿ, ಎಂಪಿ4 ಎನ್ನುವುದು ಡಬ್ಬಿಯ ಹೆಸರು, ತಕರಾರು ಇರುವುದು ಒಳಗಿನ ಕೋಡೆಕ್‌ನಲ್ಲಿ, ಅಂದರೆ ಚಿತ್ರ, ಧ್ವನಿಗಳನ್ನು ಹಿಂಡಿರುವ ವಿಧಾನದಲ್ಲಿ. ಚಿತ್ರ ಎಚ್264, ಧ್ವನಿ ಡಿಟಿಎಸ್ ಎಂದಿದ್ದರೆ ಚಿತ್ರವನ್ನು ಮುಟ್ಟಬೇಕಾಗಿಯೇ ಇಲ್ಲ. ಅವಿಡೆಮಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ವಿಡಿಯೊ ಔಟ್‌ಪುಟ್ ‘ಕಾಪಿ’, ಆಡಿಯೊ ಎಎಸಿ, ಫಾರ್ಮ್ಯಾಟ್ ಎಂಪಿ4 ಮಕ್ಸರ್ ಕೊಟ್ಟು ಉಳಿಸಿ. ಗಂಟೆಗಟ್ಟಲೆಯ ಕೆಲಸ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಚಿತ್ರದ ಗುಣಮಟ್ಟ ಎಳ್ಳಷ್ಟೂ ಕುಗ್ಗುವುದಿಲ್ಲ. ಹ್ಯಾಂಡ್‌ಬ್ರೇಕ್‌ನಿಂದ ಇದು ಆಗದು, ಅದು ಚಿತ್ರವನ್ನು ಪ್ರತಿ ಸಲವೂ ಹೊಸದಾಗಿ ಎನ್‌ಕೋಡ್ ಮಾಡುತ್ತದೆ. ಎಚ್264 ಆಗಿದ್ದೂ ಟಿವಿ ಚಿತ್ರವನ್ನೇ ತೋರಿಸದಿದ್ದರೆ ಬಿಟ್ ಡೆಪ್ತ್ ನೋಡಿ. 10 ಬಿಟ್ ಇದ್ದರೆ ಮರು ಎನ್‌ಕೋಡ್ ಮಾಡಲೇಬೇಕು.

ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಿದ್ದರೆ ವಿಎಲ್‌ಸಿಯಲ್ಲಿ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ನೋಡಿ. ಎರಡೂ ಕಡೆ ಅಂತರ ಒಂದೇ ಇದ್ದರೆ ವಿಂಡೋಸ್‌ನಲ್ಲಿ ಜೆ, ಕೆ ಕೀಲಿಗಳನ್ನು ಒತ್ತುತ್ತಾ ಅಳೆಯಿರಿ, ಒಂದು ಒತ್ತಿಗೆ 50 ಮಿಲಿಸೆಕೆಂಡ್. ಅದೇ ಸಂಖ್ಯೆಯನ್ನು ಎಂಕೆವಿಟೂಲ್‌ನಿಕ್ಸ್‌ನಲ್ಲಿ ಆಡಿಯೊ ಟ್ರ್ಯಾಕ್‌ನ ಡಿಲೇ ಜಾಗಕ್ಕೆ ಕೊಟ್ಟು ಉಳಿಸಿದರೆ ಮುಗಿಯಿತು. ಅಂತರ ಹೋಗ್ತಾ ಹೋಗ್ತಾ ಬೆಳೆದರೆ ಫೈಲ್ ಮೊಬೈಲಿನದೇ ಎಂದು ಕೇಳಿ. ಮೊಬೈಲ್ ಬೆಳಕು ನೋಡಿ ಫ್ರೇಮ್‌ರೇಟನ್ನು ತಾನೇ ಏರಿಳಿಸುತ್ತದೆ, ಎಡಿಟಿಂಗ್ ತಂತ್ರಾಂಶಗಳು ಅಲ್ಲೇ ಎಡವುವುದು. ಎಡಿಟ್‌ಗೆ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್‌ಗೆ ತಂದುಬಿಡಿ.

ಅಮೆರಿಕದಲ್ಲಿರುವ ಮಕ್ಕಳಿಗೆ ಕಳಿಸುವಾಗ ಅಲ್ಲಿನ ಪದ್ಧತಿ ಬೇರೆಯೆಂದು 30 ಫ್ರೇಮ್‌ಗೆ ಬದಲಿಸುವ ಅಭ್ಯಾಸವಿದೆ, ಬೇಡ. ತೊಂದರೆ ಇದ್ದದ್ದು ಪಾಲ್ ಡಿಸ್ಕ್ ಓದದ ಅಲ್ಲಿನ ಪ್ಲೇಯರ್‌ಗಳಿಗೆ. ಫೈಲ್ ಆದ ಮೇಲೆ ಅದನ್ನು 50ರಲ್ಲೇ ಬಿಡುವುದು ಮೇಲು. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ವಿಡಿಯೊ ಎಂದು ಕಳಿಸಿದರೆ ಅದು ಮತ್ತೊಮ್ಮೆ ಹಿಂಡುತ್ತದೆ.

ಪೆನ್‌ಡ್ರೈವ್ ಫ್ಯಾಟ್32 ಎಂಬ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿ ತಲುಪಿದ ಫೈಲನ್ನು ಅದು ತೆಗೆದುಕೊಳ್ಳದು, ಜಾಗ ಎಷ್ಟೇ ಖಾಲಿ ಇದ್ದರೂ. ಎಕ್ಸ್‌ಫ್ಯಾಟ್ ಮಾಡಿದರೆ ಹಳೆಯ ಟಿವಿ ಡ್ರೈವನ್ನೇ ಗುರುತಿಸದಿರಬಹುದು. ಅದಕ್ಕೇ ನಾನು ಫ್ಯಾಟ್32ರಲ್ಲೇ ಇಟ್ಟು, ಚಾಪ್ಟರ್ ನೋಡಿ ನಾಂದಿ, ವರಪೂಜೆ, ಮುಹೂರ್ತ, ಆರತಕ್ಷತೆ ಎಂದು ನಾಲ್ಕು ಫೈಲ್ ಮಾಡುತ್ತೇನೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ, ಮುಂದೆ 01, 02 ಹಾಕಿ ಕೊಡಿ. ಕನ್ನಡದಲ್ಲಿ ಕೊಟ್ಟರೆ ಎಷ್ಟೋ ಟಿವಿಗಳ ಪಟ್ಟಿಯಲ್ಲಿ ನಾಲ್ಕು ಸಾಲು ಖಾಲಿ ಡಬ್ಬಿಗಳು ಕಾಣುತ್ತವೆ, ಮುಹೂರ್ತ ಯಾವುದು, ಊಟದ ಪಂಕ್ತಿ ಯಾವುದು ತಿಳಿಯುವುದಿಲ್ಲ.